ಒಂದು ಮೂಳೆ ಜಾಸ್ತಿ

ಚೋಮಿ ತಾಯಿಯ ಹೊಟ್ಟೆಯಿಂದ ಕಾಲು ಮುಂದಾಗಿ ಬಂದವಳು. ಹಾಗೆ ಹುಟ್ಟಿದವರು ಸೊಂಟ ಹಿಡಿದುಕೊಂಡವರ ಬೆನ್ನನ್ನು ಮೂರು ಸಲ ತುಳಿದರೆ ಉಳುಕು ಬಿಡುತ್ತದೆ ಎಂಬುದನ್ನು ಕಾಫಿ ತೋಟದ ಕೂಲಿಯವರ ಲೈನಿನಲ್ಲಿ ಯಾರೂ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಹೀಗಾಗಿ ಅವಳಿಗೆ ಎರಡು ಕೆಲಸ. ಹಗಲು ಕಾಫಿ ಕೊಯ್ದು ಮೂಟೆ ಹೊರುವುದು. ಸಂಜೆ, ಹಾಗೆಯೇ ಮೂಟೆ ಹೊತ್ತು ಬಂದವರ ಬೆನ್ನು ತುಳಿಯುವುದು. ಮೊದಲನೆಯದಕ್ಕೆ ಕೂಲಿ ಇತ್ತು. ಎರಡನೆಯದಕ್ಕೆ ಎಲೆ ಅಡಿಕೆಯನ್ನೂ ಮುಟ್ಟಬಾರದು, ಮುಟ್ಟಿದರೆ ಕಾಲಿನ ಗುಣ ಹೋಗುತ್ತದೆ ಎಂದು ಅವಳ ಅಜ್ಜಿ ಹೇಳಿ ಸತ್ತಿದ್ದಳು.

ತೋಟ ಸೋಮವಾರಪೇಟೆಯಿಂದ ಬಸ್ಸಿಳಿದು ಒಂದಷ್ಟು ದೂರ ನಡೆದರೆ ಸಿಗುತ್ತಿತ್ತು. ಲೈನ್ ಮನೆಗಳ ಸಾಲಿನಲ್ಲಿ ಕೊನೆಯದು ಚೋಮಿಯದು. ಕೊಯ್ಲಿನ ದಿನಗಳಲ್ಲಿ ಸಂಜೆ ಹಣ್ಣಿನ ತೂಕ ಮುಗಿದದ್ದೇ ತಡ, ಜನ ಕೈಕಾಲು ತೊಳೆದು ಅವಳ ಜಗಲಿಗೆ ಬಂದು ಕೂರುತ್ತಿದ್ದರು. ಒಬ್ಬೊಬ್ಬರಾಗಿ ಹೊಸಿಲಿಗೆ ತಲೆಕೊಟ್ಟು ಬೋರಲು ಮಲಗುವರು. ಚೋಮಿ ಬಾಗಿಲ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು, ಮೈಭಾರವನ್ನೆಲ್ಲ ತೋಳಿಗೆ ಕೊಟ್ಟು, ಬಲಗಾಲನ್ನು ಮಾತ್ರ ಮೆಲ್ಲಗೆ ಊರುವಳು. ಒಂದು, ಎರಡು, ಮೂರು. ಏಳು. ಮುಂದಿನವರು.

ಅಷ್ಟು ವರ್ಷ ತುಳಿದರೂ ಅವಳ ಅಂಗಾಲಿಗೆ ಒಬ್ಬರ ಬೆನ್ನು ಇನ್ನೊಬ್ಬರ ಹಾಗೆ ಸಿಕ್ಕಿದ್ದಿಲ್ಲ. ಮರ ಹತ್ತುವ ಮಲ್ಲನದು ನಡುವಿನಲ್ಲಿ ಹೊಂಡ ಬಿದ್ದ ಕಾಲುದಾರಿ. ಮಾದಿಯದು ಹಲಸಿನ ಬೀಜ ಪೋಣಿಸಿದ ಹಾಗೆ ಉಬ್ಬುಬ್ಬು. ಶಿರಂಗಾಲದ ಕಡೆಯಿಂದ ಬರುತ್ತಿದ್ದ ಒಬ್ಬ ಗದ್ದೆಯವನ ಬೆನ್ನು ಎಡಕ್ಕೆ ಹೊರಟು, ಮನಸ್ಸು ಬದಲಾಯಿಸಿ, ಬಲಕ್ಕೆ ತಿರುಗುತ್ತಿತ್ತು; ಅವನು ಅದನ್ನಿಟ್ಟುಕೊಂಡೇ ಮೂರು ಮಕ್ಕಳನ್ನು ಸಾಕಿದ್ದ. ಮೊದಮೊದಲು ಇದೆಲ್ಲ ಚೋಮಿಗೆ ಸೋಜಿಗವಾಗಿತ್ತು. ಈಗ ಸೋಜಿಗಪಡಲೂ ಬೇಸರ.

ಈ ಸಲದ ಕೊಯ್ಲು ಶುರುವಾದ ಮೇಲೆ ಅವಳದೇ ಸೊಂಟ ಕೂತಿತು. ಉಳುಕಲ್ಲ, ಹಿಡಿತವಲ್ಲ. ಬೆಳಿಗ್ಗೆ ಏಳುವಾಗಲೇ ಯಾರೋ ಸಂಜೆಯ ಮೂಟೆಯನ್ನು ಆಗಲೇ ಹೊರಿಸಿಟ್ಟು ಹೋಗಿರುತ್ತಿದ್ದರು, ಅಷ್ಟೆ. ಅವಳು ರೈಟರ್ ಶಿವಪ್ರಕಾಶನ ಹತ್ತಿರ ಹೋಗಿ ನರ್ಸರಿ ಕೆಲಸ ಕೇಳಿದಳು. ನರ್ಸರಿ ಎಂದರೆ ಹಸಿರು ಬಲೆಯ ನೆರಳಿನಲ್ಲಿ ಕೂತು, ಪ್ಲಾಸ್ಟಿಕ್ ಚೀಲಕ್ಕೆ ಮಣ್ಣು ಗೊಬ್ಬರ ತುಂಬಿ ಕಾಫಿ ಸಸಿ ನೆಡುವುದು. ಕೂತು. ಚೋಮಿಗೆ ಆ ಒಂದು ಮಾತು ಸಾಕಾಗಿತ್ತು.

ಶಿವಪ್ರಕಾಶ ಕೆಟ್ಟವನಲ್ಲ. ತೋಟದ ಹಾಜರಿ, ತೂಕ, ಬಟವಾಡೆ ಎಲ್ಲ ಅವನ ಕೈಯಲ್ಲೇ ಇದ್ದರೂ ಯಾರ ಕೂಲಿಗೂ ಕೈಹಾಕಿದವನಲ್ಲ.

"ಚೋಮಕ್ಕ, ನರ್ಸರೀಲಿ ಕೂರಕ್ಕೆ ಎಲ್ರಿಗೂ ಆಸೆ," ಎಂದ. "ದೇರಪ್ಪ ಸಾಹುಕಾರ್ರು ಹೇಳ್ಬಿಟ್ಟವ್ರೆ, ಮೂಳೆ ಕೆಟ್ಟೋರಿಗೆ ಮಾತ್ರ ಅಂತ. ಮಾದಿದು ಮರದಿಂದ ಬಿದ್ದು ಬೆನ್ನು ಬಿರುಕು ಬಿಟ್ಟಿತ್ತು, ಫೋಟೋ ಇತ್ತು, ಕೊಟ್ವಿ. ನೀನೂ ಒಂದು ಎಕ್ಸರೇ ತೆಗೆಸ್ಕೊಂಡ್ ಬಾ. ಏನಾರ ಇದ್ರೆ ನಾನೇ ಮಾತಾಡ್ತೀನಿ."

ಮೂಳೆಯಲ್ಲಿ ಏನಾದರೂ ಕೆಟ್ಟಿರಲಿ ಎಂದು ಬೇಡಿಕೊಳ್ಳುತ್ತ ಚೋಮಿ ಆಸ್ಪತ್ರೆಗೆ ಹೋದಳು. ಜೊತೆಗೆ ಮಗಳು ಯಮುನಾ. ಅವಳೂ ಅದೇ ತೋಟದಲ್ಲಿ ಕೊಯ್ಯುವವಳು. ಗಂಡನ ಮನೆ ಬಿಟ್ಟು ಬಂದು ಎರಡು ವರ್ಷವಾಗಿತ್ತು, ದಿನಗೂಲಿಯಿಂದ ಪರ್ಮನೆಂಟ್ ಆಗುವುದನ್ನೇ ಕಾಯುತ್ತಿದ್ದಳು. ಪರ್ಮನೆಂಟ್ ಆದರೆ ಪಿ.ಎಫ್., ಮಳೆಗಾಲದಲ್ಲೂ ಕೆಲಸ, ಲೈನಿನಲ್ಲಿ ಅವಳ ಹೆಸರಿಗೇ ಒಂದು ಮನೆ.

ಡಾಕ್ಟರ್ ಮೋನಿಷಾ ಚಿಕ್ಕ ವಯಸ್ಸಿನವಳು. ಚಿತ್ರವನ್ನು ಬೆಳಕಿಗೆ ಸಿಕ್ಕಿಸಿ, ಇಬ್ಬರನ್ನೂ ಹತ್ತಿರ ಕರೆದಳು.

"ಅಮ್ಮಾ, ಇಲ್ನೋಡಿ. ಪಕ್ಕೆಲುಬು ಇಲ್ಲಿಗೆ ಮುಗೀತು. ಇಲ್ಲಿಂದ ಕೆಳಗಿನ ಮಣಿಗಳನ್ನ ಎಣಿಸಿ."

ಯಮುನಾ ಬೆರಳಿಟ್ಟು ಎಣಿಸಿದಳು. "ಆರು."

"ಸಾಮಾನ್ಯವಾಗಿ ಐದಿರುತ್ತೆ. ನಿಮ್ಮಮ್ಮಂಗೆ ಸೊಂಟದಲ್ಲಿ ಒಂದು ಮೂಳೆ ಜಾಸ್ತಿ ಇದೆ."

ಚೋಮಿಗೆ ಹೋದ ಜೀವ ಬಂದಂತಾಯಿತು. "ಅಂದ್ರೆ ಕೆಟ್ಟೋಗೈತಾ ಡಾಕ್ಟ್ರೇ?"

"ಇಲ್ಲ ಇಲ್ಲ, ಹೆದರ್ಕೋಬೇಡಿ."

"ಹೆದರ್ಕಂಡಿಲ್ಲ," ಎಂದಳು ಚೋಮಿ ಬೇಸರದಿಂದ.

"ಇದು ಕಾಯಿಲೆ ಅಲ್ಲ. ಕೆಲವರಿಗೆ ನಾಲ್ಕೇ ಇರುತ್ತೆ. ಕೆಲವರಿಗೆ ಕೊನೇದು ಕೆಳಗಿನ ಮೂಳೆಗೆ ಅರ್ಧ ಅಂಟ್ಕೊಂಡಿರುತ್ತೆ. ಗಟ್ಟಿಮುಟ್ಟಾಗಿರೋ ಜನರನ್ನೇ ಸಾಲಾಗಿ ನಿಲ್ಲಿಸಿ ಫೋಟೋ ತೆಗೆದ್ರೂ ಒಬ್ಬೊಬ್ಬರದು ಒಂದೊಂದು ಥರ ಬರುತ್ತೆ. ಪುಸ್ತಕದಲ್ಲಿ ಚಿತ್ರ ಬರೆದಿರೋ ಹಾಗೇ ಎಲ್ಲರಿಗೂ ಇರಲ್ಲ. ನಿಮಗೂ ಹುಟ್ಟಿದಾಗಿಂದ ಇದೆ, ಏನೂ ತೊಂದ್ರೆ ಕೊಟ್ಟಿಲ್ಲ."

"ಮತ್ತೆ ನೋವು?"

"ನೋವು ಅದರಿಂದ ಅಲ್ಲ. ಮಾಂಸಖಂಡಗಳು ದಣಿದು ಹೋಗಿವೆ. ಎಷ್ಟು ಭಾರ ಹೊರ್ತೀರಿ?"

"ಒಂದ್ ಮೂಟೆ."

"ಎಷ್ಟು ಕೆ.ಜಿ. ಇರುತ್ತೆ?"

"ಅದು ಆವತ್ತು ಹಣ್ಣು ಸಿಕ್ಕಿದ್ ಮೇಲೆ."

ಚೋಮಿ ಚಿತ್ರವನ್ನು ನೋಡುತ್ತ ನಿಂತಳು. ಹುಡುಗಿಯಾಗಿದ್ದಾಗಿನಿಂದ ಹೊತ್ತ ಮೂಟೆಗಳಲ್ಲಿ ಒಂದಾದರೂ ಅದರಲ್ಲಿ ಬಿದ್ದಿರಲಿಲ್ಲ. ಮೆಟ್ಟಿಲು, ಇಳಿಜಾರು, ಜಾರುವ ಎಲೆ, ಹೆಗಲ ಮೇಲೆ ಇಳಿಯುವ ಹಣ್ಣಿನ ರಸ ಯಾವುದೂ ಇಲ್ಲ. ಅವಳು ಏನೂ ಮಾಡದೆ ಸುಮ್ಮನೆ ಬಂದಿದ್ದ ಒಂದು ಮೂಳೆ ಮಾತ್ರ ಬೆಳ್ಳಗೆ, ನಿಶ್ಚಿಂತೆಯಿಂದ ಕೂತಿತ್ತು.

"ಕೆಟ್ಟೋಗೈತೆ ಅಂತ ಬರ್ಕೊಡಕ್ಕೆ ಆಗಲ್ವಾ?" ಎಂದು ಕೇಳಿದಳು.

ಡಾಕ್ಟರ್ ಅವಳ ಮುಖ ನೋಡಿದಳು. "ಇಲ್ಲದ್ದನ್ನ ಹೆಂಗೆ ಬರೀಲಮ್ಮ? ಒಂದಷ್ಟು ದಿನ ಭಾರ ಹೊರಬಾರದು, ರೆಸ್ಟ್ ಬೇಕು ಅಂತ ಬರೀತೀನಿ. ಅದು ನಿಜ."

ಆ ನಿಜವನ್ನು ಶಿವಪ್ರಕಾಶ ಒಂದೇ ಸಲಕ್ಕೆ ಓದಿ ಮಡಚಿಟ್ಟ. "ರೆಸ್ಟ್ ಅಂದ್ರೆ ಮನೇಲಿರು ಅಂತ, ಚೋಮಕ್ಕ. ಇರು, ಯಾರು ಬೇಡಾಂತಾರೆ? ಕೂಲಿ ಇರಲ್ಲ, ಅಷ್ಟೆ."

"ಒಂದು ಮೂಳೆ ಜಾಸ್ತಿ ಐತಂತೆ, ರೈಟ್ರೇ," ಎಂದಳು ಪಕ್ಕದಲ್ಲಿದ್ದ ಯಮುನಾ, ತಡೆಯಲಾರದೆ. "ಹುಟ್ಟಿದಾಗಿಂದ."

ಶಿವಪ್ರಕಾಶನ ಹುಬ್ಬು ಮೇಲೇರಿತು. "ಅದನ್ನ ಮೊದ್ಲೇ ಬೊಗಳ್ಬಾರ್ದಾ? ಹುಟ್ಟು ದೋಷ! ಇದು ಮಾದಿದಕ್ಕಿಂತ ದೊಡ್ಡದಾಯ್ತಲ್ಲ. ಆ ಫೋಟೋ ಇಲ್ಲಿ ಕೊಡಿ, ಸಾಹುಕಾರ್ರಿಗೆ ತೋರಿಸ್ತೀನಿ."

ಡಾಕ್ಟರು ಹೇಳಿದ ಉಳಿದ ಮಾತು ಚೋಮಿಯ ನಾಲಿಗೆಯ ತುದಿಯಲ್ಲಿತ್ತು. ಹೇಳಲಿಲ್ಲ. ಸುಳ್ಳನ್ನೇನೂ ಅವಳು ಹೇಳಿರಲಿಲ್ಲವಲ್ಲ.

ಸುದ್ದಿ ಅವಳಿಗಿಂತ ಮೊದಲೇ ಲೈನ್ ತಲುಪಿತ್ತು. ಬಸ್ಸಿನಲ್ಲಿ ಯಮುನಾ ಯಾರಿಗೋ ಹೇಳಿದ್ದಳು, ಆ ಯಾರೋ ಎಲ್ಲರಿಗೂ ಹೇಳಿದ್ದರು. ಚೋಮಿ ಅಂದುಕೊಂಡಳು: ಬೆನ್ನು ಸರಿಯಿಲ್ಲದವಳ ಹತ್ತಿರ ಬೆನ್ನು ತೋರಿಸಲು ಇನ್ನು ಯಾರು ಬರುತ್ತಾರೆ, ಸಂಜೆಯಾದರೂ ಕಾಲು ಚಾಚಬಹುದು. ಲೈನಿನವರು ಯೋಚಿಸಿದ ದಾರಿಯೇ ಬೇರೆ. ಕಾಲು ಮುಂದಾಗಿ ಬಂದ ಮಗುವನ್ನು ಸೂಲಗಿತ್ತಿ ಹಿಡಿದೆಳೆದಾಗ ಬೆನ್ನು ಉದ್ದವಾಗಿ ನಡುವೆ ಒಂದು ಮೂಳೆ ಹೆಚ್ಚಿಗೆ ಕೂತಿದೆ. ಕಾಲಿನ ಗುಣವೆಲ್ಲ ಅಲ್ಲಿಂದಲೇ ಇಳಿದು ಬರುತ್ತಿರುವುದು. ಈಗ ಸರ್ಕಾರದ ಮಿಶಿನ್ನೇ ಅದನ್ನು ತೋರಿಸಿಕೊಟ್ಟಿದೆ. ಜಗಲಿಯಲ್ಲಿ ಜಾಗ ಸಾಲದಾಯಿತು. ಪಕ್ಕದ ತೋಟದಿಂದ ಜೀಪಿನಲ್ಲಿ ಬಂದರು. ದುಬಾರೆಯಿಂದ ಒಬ್ಬ ಆನೆ ಕಾವಾಡಿ ನೆಂಟರ ಮನೆಗೆ ಬಂದವನು, ಆನೆಯ ಮೇಲೆ ಕೂತೂ ಕೂತೂ ಹಿಡಿದುಕೊಂಡ ಸೊಂಟವನ್ನು ಅವಳ ಹೊಸಿಲಲ್ಲಿ ಚಾಚಿ ಮಲಗಿದ.

"ಅಕ್ಕಾ, ಅದನ್ನ ನಂಗೆ ಕೊಟ್ಬಿಡು," ಎಂದ ಮಲ್ಲ ಕೆಳಗಿನಿಂದ. "ನಂದ್ರಲ್ಲಿ ಒಂದು ಪೂರ್ತಿ ಸವೆದೋಗೈತೆ. ನಿಂಗೆಂಗೂ ಸ್ಪೇರ್ ಐತೆ."

"ಬಾಯ್ಮುಚ್ಕೊಂಡ್ ಮಲ್ಗು."

"ಬಾಯಿ ನೆಲಕ್ಕೇ ಐತಲ್ಲಕ್ಕ, ಇನ್ನೆಲ್ಲಿ ಮುಚ್ಲಿ?"

ಕೂತವರು ನಕ್ಕರು. ಚೌಕಟ್ಟು ಹಿಡಿದ ಚೋಮಿಯ ತೋಳು ನಡುಗುತ್ತಿತ್ತು. ನಗುವವರಿಗೆ ಅದು ಕಾಣುತ್ತಿರಲಿಲ್ಲ. ಮಲಗಿದವನಿಗೆ ಬೆನ್ನ ಮೇಲೆ ಗೊತ್ತಾಗಿರಬೇಕು, ಅವನು ಅದನ್ನೂ ಗುಣದ ಲಕ್ಷಣವೆಂದೇ ತಿಳಿದ.

ಒಂದು ವಾರದೊಳಗೆ ಶಿವಪ್ರಕಾಶ ಅವಳು ಕೊಯ್ಯುತ್ತಿದ್ದ ಗಿಡಗಳ ಪಟ್ಟೆಗೇ ಹುಡುಕಿಕೊಂಡು ಬಂದ. ಗಿಡದ ಆಚೆಯಿಂದಲೇ ಕೂಗಿದ.

"ಚೋಮಕ್ಕಾ! ಸಾಹುಕಾರ್ರು ಒಪ್ಕೊಂಡ್ರು. ಪಾಪ, ಹುಟ್ಟಿನ ದೋಷ ಅಂದ್ರೆ ಯಾರೇನ್ ಮಾಡಕ್ಕಾಗ್ತದೆ, ನರ್ಸರೀಲಿ ಕೂರ್ಲಿ ಅಂದ್ರು. ಸೋಮವಾರದಿಂದ."

ಚೋಮಿ ಕಾಫಿ ಗಿಡದ ಗೆಲ್ಲನ್ನು ಬಗ್ಗಿಸಿ ಹಿಡಿದಿದ್ದಳು. ಬಿಟ್ಟಳು. ಅದು ಮೇಲೆ ಹೋಗಿ ನಾಲ್ಕು ಹಣ್ಣು ಉದುರಿಸಿತು.

"ಇನ್ನೊಂದ್ ಮಾತು," ಎಂದ ಶಿವಪ್ರಕಾಶ, ದನಿ ಇಳಿಸಿ. "ಯಮುನಂದು ಪರ್ಮನೆಂಟ್ ಕಾಗದ ಅವ್ರ ಮೇಜಿನ ಮೇಲೇ ಇತ್ತು. ಇದು ಹುಟ್ಟಿನಿಂದ ಬರೋದಾದ್ರೆ ಮಗಳಿಗೂ ಇರಬೋದಲ್ವಾ ಅಂತ ಕೇಳಿದ್ರು. ಅವಳದ್ದೂ ಒಂದ್ ಫೋಟೋ ತೆಗೆಸಿ ನೋಡಿ, ಆಮೇಲೆ ಸೈನ್ ಹಾಕ್ತೀನಿ ಅಂದ್ರು. ಅವ್ರ ಮಾತಲ್ಲೂ ತಪ್ಪಿಲ್ಲ. ಹಿಂಗೇ ಒಬ್ಬೊಬ್ಬರನ್ನೂ ನರ್ಸರೀಲಿ ಕೂರಿಸ್ತಾ ಹೋದ್ರೆ ಮೂಟೆ ಹೊರೋರು ಯಾರು?"

ಮುಂದಿನ ಸಾಲಿನಲ್ಲಿ ಯಮುನಾ ಕೊಯ್ಯುತ್ತಿದ್ದಳು. ಅವಳ ಕೈ ನಿಂತಿತ್ತು.

ಮನೆಗೆ ಬಂದ ಮೇಲೆ ಮಗಳೇ ಮಾತು ತೆಗೆದಳು. "ತೆಗೆಸ್ಕೋತೀನಿ ಬಿಡವ್ವ. ನೀನು ಕೂತ್ಕೊ. ನಂಗೆ ಇರ್ದೇನೂ ಇರಬೋದು."

"ಇದ್ರೆ?"

"ಇದ್ರೆ ಐತೆ. ಡಾಕ್ಟ್ರೇ ಹೇಳ್ಲಿಲ್ವಾ, ಏನೂ ಆಗಲ್ಲ ಅಂತ."

"ಡಾಕ್ಟ್ರು ನಿಂಗೆ ಹೇಳಿದ್ದು. ಸಾಹುಕಾರ್ರಿಗೆ ಹೇಳಿಲ್ಲ."

"ನೀನು ಹೇಳ್ಬೋದಿತ್ತಲ್ಲ."

ಯಮುನಾ ಅದನ್ನು ಚುಚ್ಚುವ ಹಾಗೆ ಹೇಳಿರಲಿಲ್ಲ. ಒಲೆಗೆ ಕಟ್ಟಿಗೆ ದೂಡುತ್ತ, ಬೇರೆ ಯಾರದೋ ವಿಷಯದಂತೆ ಹೇಳಿದ್ದಳು. ಭಾನುವಾರ ಮಗಳಿಗೆ ಎಣ್ಣೆ ಹಚ್ಚಲು ಕೂತಾಗ ಚೋಮಿಯ ಹೆಬ್ಬೆರಳು ತಾನಾಗಿ ಆ ಬೆನ್ನಿನ ಮೇಲೆ ಇಳಿಯತೊಡಗಿತು. ಪಕ್ಕೆಲುಬು ಎಲ್ಲಿ ಮುಗಿಯುತ್ತದೆ ಎಂದು ತಡಕಿದಳು. ಒಂದು. ಎರಡು. ಮೂರು ಎಂದದ್ದು ಎರಡೇ ಇರಬಹುದೆನಿಸಿ ಮತ್ತೆ ಮೇಲೆ ಹೋದಳು. ಯಮುನಾ ಕಚಗುಳಿಯಾಗಿ ಕೊಸರಿಕೊಂಡಳು.

"ಎಂತ ಹುಡುಕ್ತಿದ್ದೀಯವ್ವ?"

"ಸುಮ್ನಿರು."

ಊರಿನವರ ಬೆನ್ನನ್ನೆಲ್ಲ ತುಳಿದವಳಿಗೆ ಮಗಳ ಬೆನ್ನಿನಲ್ಲಿ ಐದೋ ಆರೋ ಹೇಳಲಾಗಲಿಲ್ಲ. ಕೈಗೆ ಸಿಕ್ಕಿದ್ದು ಬೆಚ್ಚಗಿನ, ಎಣ್ಣೆಯ, ಎಲ್ಲೂ ನೋಯದ ಒಂದು ಬೆನ್ನು. ಅದರ ಮೇಲೆ ಇನ್ನೂ ಏನೂ ಕೂತಿರಲಿಲ್ಲ. ಕೂರಲಿರುವುದನ್ನು ಯಾವ ಮಿಶಿನ್ನೂ ತೋರಿಸುವುದಿಲ್ಲ. ಒಂದು ಮೂಳೆ ಹೆಚ್ಚಿದ್ದರೆ ಮಾತ್ರ ತೋರಿಸುತ್ತದೆ. ಆಮೇಲೆ ಅವಳಿಗೆ ಮುಂದೆ ಯಾವತ್ತು ಎಲ್ಲಿ ನೋವಾದರೂ, ನಿನ್ನ ಹುಟ್ಟೇ ಹಾಗೆ ಎನ್ನಬಹುದು. ತನಗೂ ಈಗ ಅದನ್ನೇ ಅಲ್ಲವೇ ಅಂದದ್ದು? ಅದಕ್ಕೆ ತಾನು ಸುಮ್ಮನಿದ್ದು ಹೂಂ ಅಂದದ್ದು. ಕೂರುವ ಆಸೆಗೆ.

ಆ ಸಂಜೆಯೇ ಶಿವಪ್ರಕಾಶ ಬಂದ. ನಡೆದು ಬರಲಿಲ್ಲ, ಇಬ್ಬರು ಹೆಗಲು ಕೊಟ್ಟು ತಂದರು. ಬೈಕಿನ ಕಿಕ್ಕರ್ ಒದೆಯಲು ಹೋಗಿ ಸೊಂಟ ಹಿಡಿದುಕೊಂಡಿತ್ತು. ಕಾದು ಕೂತಿದ್ದವರು ರೈಟರಿಗೆಂದು ಜಾಗ ಬಿಟ್ಟರು. ಅವನು ಪ್ಯಾಂಟಿನ ಜೇಬಿನಿಂದ ಫೋನು, ಬೀಗದ ಕೈ ತೆಗೆದು ಪಕ್ಕಕ್ಕಿಟ್ಟು, ನರಳುತ್ತ ಹೊಸಿಲಿಗೆ ತಲೆಯಿಟ್ಟು ಮಲಗಿದ.

"ಮೆಲ್ಲಗೆ, ಚೋಮಕ್ಕ. ಮೂಟೆ ಹೊತ್ತು ರೂಢಿ ಇರೋ ಬೆನ್ನಲ್ಲ ಇದು."

ಚೋಮಿ ಚೌಕಟ್ಟು ಹಿಡಿದು ಕಾಲಿಟ್ಟಳು. ಅವನ ಬೆನ್ನು ಒಂದು ಕಡೆ ತಗ್ಗಿ, ಅದರ ಕೆಳಗೆ ಒಂದೆಡೆ ಗಂಟಾಗಿ ಉಬ್ಬಿತ್ತು. ಇವನದನ್ನೂ ಫೋಟೋ ತೆಗೆಸಿದರೆ ಏನೋ ಒಂದು ಸಿಕ್ಕೀತು.

"ರೈಟ್ರೇ, ನನ್ನ ಮೂಳೆ ದೋಷ ಅಲ್ಲ."

"ಅಯ್ಯಪ್ಪಾ... ಏನಂದೆ?"

"ದೋಷ ಅಲ್ಲ ಅಂದೆ. ಡಾಕ್ಟ್ರಮ್ಮ ಅವತ್ತೇ ಹೇಳಿದ್ರು. ಚೆನ್ನಾಗಿರೋರ್ಗೂ ಹಂಗಿರ್ತದಂತೆ, ನಾಕು ಇರ್ತದಂತೆ, ಆರು ಇರ್ತದಂತೆ. ನೋವು ಅದ್ರಿಂದ ಅಲ್ವಂತೆ. ನಾನು ನಿಮ್ಗೆ ಹೇಳ್ಲಿಲ್ಲ, ಅಷ್ಟೆ."

ಶಿವಪ್ರಕಾಶ ತಲೆ ಎತ್ತಲು ನೋಡಿದ, ಆಗಲಿಲ್ಲ.

"ಈಗ್ಯಾಕ್ ಹೇಳ್ತಿದ್ದೀಯ ಮಾರಾಯ್ತಿ? ನಾಳೆಯಿಂದ ನರ್ಸರಿ ಅಂತ ಆಗೋಯ್ತಲ್ಲ!"

"ಯಮುನಾಗೆ ಫೋಟೋ ಬ್ಯಾಡ. ದೋಷಾನೇ ಅಲ್ಲ ಅಂದ್ಮೇಲೆ ಅವಳಲ್ಲಿ ಎಂತ ಹುಡುಕದು? ಸಾಹುಕಾರ್ರಿಗೆ ಹಂಗೇ ಹೇಳಿ. ಬೇಕಾದ್ರೆ ಡಾಕ್ಟ್ರನ್ನೇ ಕೇಳ್ಲಿ."

ಎರಡನೆಯ ಸಲ ಕಾಲೂರಿದಳು. ಅವನು ಉಸಿರು ಬಿಗಿಹಿಡಿದು, ಬಿಟ್ಟ.

"ಹೇಳ್ತೀನಿ. ಹೇಳಿದ್ರೆ ಹುಡುಗಿದು ಆಗ್ತದೆ. ಆದ್ರೆ ನಿನ್ ನರ್ಸರಿ ಹೋಯ್ತು. ದೋಷ ಇಲ್ದೋರ್ನ ಅಲ್ಲಿ ಕೂರ್ಸಕ್ಕಾಗಲ್ಲ. ಏನಂತ ಹೇಳ್ಲಿ?"

"ಸುಸ್ತಾಗೈತೆ ಅಂತ ಹೇಳಿ."

ಅವನಿಗೆ ನೋವಿನ ನಡುವೆಯೂ ನಗು ಬಂತು. ಬೆನ್ನು ಅವಳ ಅಂಗಾಲಿನಡಿ ಕುಲುಕಿತು. "ಸುಸ್ತಿಗೆ ನರ್ಸರಿ ಕೊಟ್ರೆ ಇಡೀ ಲೈನೇ ಅಲ್ಲಿ ಕೂರ್ಬೇಕು, ಚೋಮಕ್ಕ. ಎಲ್ರಿಗೂ ಸುಸ್ತೇ. ನಂಗಿಲ್ವಾ?"

ಅದು ನಿಜವೇ ಆಗಿತ್ತು. ಚೋಮಿ ಜಗಲಿಯ ಮೇಲೆ ಗೋಡೆಗೊರಗಿ ಕೂತವರನ್ನು ನೋಡಿದಳು. ಮಾದಿ ಕೂಡ ಬಂದಿದ್ದಳು. ನರ್ಸರಿಯಲ್ಲಿ ಕೂತೂ ಅವಳ ಮುಖದಲ್ಲಿ ಉಳಿದವರದೇ ದಣಿವಿನ ಬಣ್ಣವಿತ್ತು.

ಮೂರನೆಯ ಸಲ ತುಳಿದಳು. ಒಳಗೆಲ್ಲೋ ಕಟಕ್ಕೆಂದಿತು. ಶಿವಪ್ರಕಾಶ ಮೊಣಕೈ ಊರಿ ಎದ್ದು ಕೂತ. ಅತ್ತ ಇತ್ತ ತಿರುಗಿ ನೋಡಿಕೊಂಡ. "ಬಿಡ್ತು ಕಣಕ್ಕ," ಎಂದ, ಮಗುವಿನ ಹಾಗೆ. ಫೋನು, ಬೀಗದ ಕೈ ಎತ್ತಿಕೊಂಡು ಮೆಟ್ಟಿಲಿಳಿದವನು ತಿರುಗಿ ನಿಂತ. "ಇನ್ನೂ ಯೋಚ್ನೆ ಮಾಡು. ನಾನು ನಾಳೆ ಹತ್ತು ಗಂಟೆಗೆ ಸಾಹುಕಾರ್ರ ಬಂಗ್ಲೆಗೆ ಹೋಗದು."

"ಆಗೋಯ್ತು ಯೋಚ್ನೆ."

ಮಲ್ಲ ಆಗಲೇ ಹೊಸಿಲಿನ ಹತ್ತಿರ ಜರುಗಿ ಅಂಗಿ ಬಿಚ್ಚುತ್ತಿದ್ದ. ಚೋಮಿ ಅವನ ಬೆನ್ನನ್ನೇನೋ ತುಳಿದಳು. ಅವನ ಹಿಂದಿನವಳದನ್ನೂ. ಆ ದಿನದ ಮಟ್ಟಿಗೆ ಎಲ್ಲರದೂ ಆಯಿತು.

ಮರುದಿನ ಸಂಜೆ ತೂಕದ ಕಣದಲ್ಲಿ ಸಾಲು ನಿಂತಿತ್ತು. ಯಮುನಾಳ ಮೂಟೆ ತೂಗಿ ಬರೆದುಕೊಳ್ಳುವಾಗ ಶಿವಪ್ರಕಾಶ, ಸಾಹುಕಾರರು ಸೈನ್ ಹಾಕಿದರು, ಒಂದನೇ ತಾರೀಖಿನಿಂದ ಲೆಕ್ಕ ಎಂದು ತಲೆ ಎತ್ತದೆ ಹೇಳಿದ. ಅವಳು ಹಲ್ಲು ಕಚ್ಚಿ ನಗುವನ್ನು ತಡೆದಳು. ಹಿಂದೆಯೇ ಚೋಮಿ ತನ್ನದನ್ನು ತಕ್ಕಡಿಗೆ ಇಳಿಸಿದಳು. ಚೀಲ ನಡುವಿನವರೆಗೂ ತುಂಬಿರಲಿಲ್ಲ. ಬಾಯಿ ಕಟ್ಟಿದ ಮೇಲೂ ಅದು ಮುದುಡಿ ಕೂತಿತ್ತು.

"ಇದೇನು, ಇಷ್ಟೇನಾ? ಹಣ್ಣಿರ್ಲಿಲ್ವಾ ಪಟ್ಟೇಲಿ?"

"ಹಣ್ಣು ಬೇಕಾದಷ್ಟೈತೆ. ನಂಗೆ ಹೊರಕ್ಕಾಗದು ಇಷ್ಟೇ."

"ಕೂಲಿ ಅರ್ಧ ಆಗ್ತದಲ್ಲಕ್ಕ."

"ಗೊತ್ತು."

ಸಾಲಿನಲ್ಲಿ ಯಾರೋ ಕೆಮ್ಮಿದರು. ಶಿವಪ್ರಕಾಶ ಮುಳ್ಳು ನಿಲ್ಲುವ ತನಕ ಕಾದು, ಅವಳ ಮುಖ ನೋಡದೆ ತೂಕ ಬರೆದುಕೊಂಡ. ಅವನಿಗೂ ಆ ದಿನ ಇನ್ನೂ ಬಹಳ ಮೂಟೆಗಳಿದ್ದವು.

ಅವಳು ಮನೆ ಮುಟ್ಟುವಷ್ಟರಲ್ಲಿ ಜಗಲಿ ತುಂಬಿತ್ತು. ದೋಷವಲ್ಲ ಎಂದು ಎಲ್ಲರೂ ಕೇಳಿಸಿಕೊಂಡಿದ್ದರು; ಅದರಿಂದ ಅವರ ನಂಬಿಕೆ ಹೆಚ್ಚಿತ್ತೇ ಹೊರತು ಕಡಿಮೆಯಾಗಿರಲಿಲ್ಲ. ಚೋಮಿ ಚಾಚಿದ ಕಾಲುಗಳನ್ನು ದಾಟಿಕೊಂಡು ಒಳಗೆ ಹೋದಳು. ಕೈಕಾಲು ತೊಳೆಯಲಿಲ್ಲ. ಚಾಪೆ ಬಿಡಿಸಿ ಮಗ್ಗುಲಾಗಿ ಮಲಗಿ, ಮಂಡಿಯನ್ನು ಹೊಟ್ಟೆಗೆ ಸೇರಿಸಿದಳು.

"ಅಕ್ಕಾ," ಎಂದ ಮಲ್ಲ ಹೊಸಿಲಿನಿಂದ. "ಮಲ್ಕೊಂಡ್ಯಾ?"

"ಹೂಂ. ಇನ್ಮೇಲೆ ತುಳಿಯಲ್ಲ."

"ಹಂಗಂದ್ರೆ ಹೆಂಗೆ? ನಾವೆಲ್ಲಿಗ್ ಹೋಗದು?"

ಹೊರಗೆ ಗುಸುಗುಸು. ರಾತ್ರಿಗೆ ಸರಿಹೋಗ್ತಾಳೆ ಎಂದಿತು ಒಂದು ದನಿ. ಕೊಬ್ಬು ಎಂದಿತು ಇನ್ನೊಂದು. ಯಮುನಾ ಬಾಗಿಲಿಗೆ ಹೋಗಿ, ಏಳ್ರಪ್ಪ, ಏಳ್ರವ್ವ ಎಂದು ಗೋಗರೆಯತೊಡಗಿದಳು. ಒಂದೆರಡು ಜೊತೆ ಚಪ್ಪಲಿಗಳು ಸದ್ದು ಮಾಡುತ್ತ ದೂರವಾದವು. ಉಳಿದವರು ಕೂತೇ ಇದ್ದರು, ಏಳುವುದಕ್ಕೂ ಬೆನ್ನು ಬೇಕಲ್ಲ.

"ಅಕ್ಕಾ, ನಿಜ್ವಾಗ್ಲೂ ನೋಯ್ತೈತೆ," ಎಂದ ಮಲ್ಲ ಮತ್ತೆ. ಈಗ ಅವನ ದನಿಯಲ್ಲಿ ತಮಾಷೆ ಇರಲಿಲ್ಲ. "ಒಂದೇ ಒಂದ್ಸಲ."

ನೋಯುತ್ತಿತ್ತು, ಅವಳಿಗೆ ಗೊತ್ತಿತ್ತು. ಎಲ್ಲಿ ಎಂಬುದೂ ಗೊತ್ತಿತ್ತು. ಅವಳು ಏಳಲಿಲ್ಲ.